ಬಾಣಂತಿಯಂತೆ ನೋಡಿಕೊಂಡ ಮನೆಯಲ್ಲಿ ಮಡಚಿಕೊಂಡ ಮೊಣಕೈ

ಗುರುತು ಸಿಗದಿರಲೆಂದು ವಯಸ್ಸು, ಊರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಈ ಮಹಿಳೆಯನ್ನು 'ಸ' ಎಂದು ಕರೆಯುತ್ತೇನೆ. ಸುಮಾರು 34 ವರ್ಷದ ಸ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವರು. ಒಲೆಯಿಂದ ಇಳಿಸುವಾಗ ಮಸಿಬಟ್ಟೆ ಜಾರಿ ಸಾಂಬಾರಿನ ಪಾತ್ರೆ ಮಗುಚಿಕೊಂಡು, ಅವರ ಬಲಗೈ, ಎದೆಯ ಮೇಲ್ಭಾಗ ಮತ್ತು ಕತ್ತಿನ ಮುಂಭಾಗ ಬೆಂದಿದ್ದವು. ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಕಸಿ ಮಾಡಿ, ಐದು ವಾರಗಳ ನಂತರ ಮನೆಗೆ ಕಳುಹಿಸಿದ್ದರು. ಅದಾಗಿ ಎರಡು ತಿಂಗಳಿಗೆ ಸಮಾಲೋಚನೆಗೆಂದು ನನ್ನ ಬಳಿ ಬಂದಾಗ, ಅವರು ತಂದಿದ್ದ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಯಾರೊಂದಿಗೂ ಮಾತಿಲ್ಲ, ಊಟ ಸೇರುತ್ತಿಲ್ಲ.

ಸುಟ್ಟಗಾಯದೊಂದಿಗೆ ವಿವಾಹಿತ ಮಹಿಳೆ ಬಂದರೆ ಗಂಡನನ್ನೂ ಅತ್ತೆಯನ್ನೂ ಹೊರಗೆ ಕೂರಿಸಿ, "ಇದನ್ನು ಯಾರಾದರೂ ಮಾಡಿದ್ದೇ, ಅಥವಾ ನೀವೇ ಮಾಡಿಕೊಂಡದ್ದೇ?" ಎಂದು ನೇರವಾಗಿ ಕೇಳುವುದು ನನ್ನ ನಿಯಮ. ಸ ಅವರಿಗೆ ಈ ಪ್ರಶ್ನೆಯಿಂದ ಬೇಸರವಾಗಲಿಲ್ಲ. "ಇಲ್ಲ ಮೇಡಂ, ಶಾಲೆಯಲ್ಲಿ ಎಲ್ಲರೂ ನೋಡಿದಾರೆ" ಎಂದರು. ಹಾಗೆ ಹೇಳುವಾಗಲೂ ಸೆರಗಿನ ಅಡಿಯಿಂದ ಕೈ ಹೊರಗೆ ಬರಲಿಲ್ಲ. ಒತ್ತಾಯಿಸದೆ ಕಾದೆ, ಕೊನೆಗೆ ತೋರಿಸಿದಾಗ ಮೊಣಕೈ ಅರ್ಧ ಮಡಚಿದ ಸ್ಥಿತಿಯಲ್ಲೇ ನಿಂತಿತ್ತು, ಮಡಿಕೆಯ ಮೇಲೆ ಹಗ್ಗದಂತೆ ಕೆಂಪಗೆ ಉಬ್ಬಿದ ಕಲೆ ಇತ್ತು, ಅದರ ಅಂಚಿನಲ್ಲಿ ಹುಣಸೆಬೀಜದಷ್ಟು ಗಾಯ ಇನ್ನೂ ತೆರೆದೇ ಇತ್ತು.

ಆಮೇಲೆ ಅತ್ತೆಯನ್ನು ಒಳಗೆ ಕರೆದೆ. "ಬಾಣಂತಿ ಥರ ನೋಡ್ಕೊಂಡಿದೀನಿ ಮೇಡಂ, ಒಂದು ಲೋಟ ಎತ್ತೋಕೂ ಬಿಟ್ಟಿಲ್ಲ" ಎಂದರು ಆಕೆ. ಅದು ಅಕ್ಷರಶಃ ನಿಜವಾಗಿತ್ತು, ತೊಂದರೆಯ ಬೇರೂ ಅಲ್ಲೇ ಇತ್ತು. ತಲೆಗೆ ಬೂರುಗದ ಹತ್ತಿಯ ಎರಡು ದಿಂಬು. ಊಟಕ್ಕೆ ಗಂಜಿ ಮತ್ತು ತಿಳಿಸಾರು, ಏಕೆಂದರೆ ಮೊಟ್ಟೆ, ಬೇಳೆ, ಬದನೆಕಾಯಿ ಎಲ್ಲವೂ ನಂಜು. ಮನಸ್ಸಿಗೆ ನೋವಾಗದಿರಲೆಂದು ನಡುಮನೆಯ ಕನ್ನಡಿಯನ್ನೂ ತೆಗೆದಿಟ್ಟಿದ್ದರು. ಮೊಣಕೈ ಮಡಚಿಕೊಳ್ಳದಂತೆ ನೆಟ್ಟಗೆ ಹಿಡಿದಿಡಲು ಆಸ್ಪತ್ರೆಯವರು ಕೊಟ್ಟ ಪಟ್ಟಿ (ಸ್ಪ್ಲಿಂಟ್), "ಪಾಪ, ಅಳ್ತಾಳೆ" ಎಂಬ ಕಾರಣಕ್ಕೆ ಬೀರು ಸೇರಿತ್ತು.

ಈ ಅಕ್ಕರೆಯನ್ನು ತಪ್ಪೆಂದು ಹೇಳಿ ಅತ್ತೆಯನ್ನು ಕಳೆದುಕೊಳ್ಳುವುದು ಸುಲಭವಿತ್ತು. ಆದರೆ ಮನೆಯಲ್ಲಿ ದಿನವಿಡೀ ಕೈಗೆ ಸಿಗುವವರು ಅವರೊಬ್ಬರೇ. ಹಾಗಾಗಿ ಚರ್ಮ ಏನು ಮಾಡುತ್ತದೆ ಎಂಬುದನ್ನಷ್ಟೇ ವಿವರಿಸಿದೆ. ಆಳವಾಗಿ ಬೆಂದ ಜಾಗದಲ್ಲಿ ಬರುವ ಹೊಸ ಕಲೆ, ಗಾಯ ಮುಚ್ಚಿದ ಮೇಲೂ ತಿಂಗಳುಗಟ್ಟಲೆ ತನ್ನನ್ನು ತಾನೇ ಬಿಗಿದುಕೊಳ್ಳುತ್ತ ಹೋಗುತ್ತದೆ. ರೋಗಿಗೆ ಹಾಯೆನಿಸುವ ಭಂಗಿ ಯಾವುದೋ, ಕೀಲು ಸೆಟೆದುಕೊಳ್ಳುವುದೂ ಅದೇ ಭಂಗಿಯಲ್ಲಿ. ಕತ್ತಿನ ಮುಂಭಾಗ ಬೆಂದವರಿಗೆ ದಿಂಬು ಕೊಟ್ಟರೆ ಗದ್ದ ಎದೆಯ ಕಡೆಗೆ ಎಳೆದುಕೊಳ್ಳುತ್ತದೆ. ಅತ್ತೆ ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನೇ ಕೆಡಿಸಿದ್ನಾ?" ಎಂದು ಕೇಳಿದರು. ಯಾರೂ ಹೇಳಿಕೊಡದಿದ್ದನ್ನು ಮಾಡದಿರುವುದು ತಪ್ಪಲ್ಲ ಎಂದೆ, ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಬಿಡುಗಡೆಯ ದಿನ ಔಷಧಿ ಚೀಟಿಯನ್ನು ವಿವರಿಸುವವರು, ದಿಂಬಿನ ವಿಷಯ ಹೇಳಲು ಐದು ನಿಮಿಷ ಕೊಡುವುದಿಲ್ಲ.

ನಮ್ಮ ಕೇಂದ್ರದ ಶುಶ್ರೂಷಕಿ ಮತ್ತು ಫಿಸಿಯೋಥೆರಪಿಸ್ಟ್ ಜೊತೆ ಕುಳಿತು ನೀಡಿದ ಸಲಹೆ ಹೀಗಿತ್ತು. ದಿಂಬು ತೆಗೆದು, ಹೆಗಲ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು ಮಲಗಬೇಕು. ರಾತ್ರಿ ಮೊಣಕೈ ಪಟ್ಟಿ ಕಟ್ಟಬೇಕು. ತೆರೆದ ಗಾಯವನ್ನು ಕುದಿಸಿ ಆರಿಸಿದ ನೀರಿನಿಂದ ತೊಳೆದು, ವೈದ್ಯರು ಬರೆದ ಮುಲಾಮು ಹಚ್ಚಿ, ಗಾಯಕ್ಕೆ ಅಂಟದ ಗಾಜ್ (gauze) ಬಟ್ಟೆಯಿಂದ ಮುಚ್ಚಬೇಕು. ಅರಿಶಿನ, ಬೂದಿ ಬೇಡ. ಬಟ್ಟೆ ಅಂಟಿಕೊಂಡಿದ್ದರೆ ಕೀಳದೆ, ನೀರು ಹನಿಸಿ ನೆನೆಯಲು ಬಿಡಬೇಕು. ಜ್ವರ, ದುರ್ವಾಸನೆ, ಸುತ್ತ ಹರಡುವ ಕೆಂಪು, ಹೆಚ್ಚುವ ನೋವು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಪೂರ್ತಿ ಮುಚ್ಚಿದ ಭಾಗಕ್ಕೆ ದಿನಕ್ಕೆ ಮೂರು ನಾಲ್ಕು ಬಾರಿ ಕೊಬ್ಬರಿ ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ನಿಧಾನವಾಗಿ ಒತ್ತಿ ತೀಡಬೇಕು. ತುರಿಕೆಗೆ ಉಗುರು ಹಾಕದೆ ತಣ್ಣೀರು ಬಟ್ಟೆ ಒತ್ತುವುದು, ತಾಳಲಾಗದಿದ್ದರೆ ವೈದ್ಯರಲ್ಲಿ ಮಾತ್ರೆ ಕೇಳುವುದು. ಗಾಯ ಮುಚ್ಚಿದ ಮೇಲೆ ಅಳತೆಗೆ ಹೊಲಿಸಿದ ಬಿಗಿ ಉಡುಪನ್ನು ಸ್ನಾನದ ಹೊತ್ತು ಬಿಟ್ಟು ದಿನಕ್ಕೆ ಸುಮಾರು 23 ಗಂಟೆ, ಕಲೆ ಮೆತ್ತಗಾಗುವವರೆಗೆ, ಅಂದರೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಧರಿಸಬೇಕು. ಬೇಸಿಗೆಯಲ್ಲಿ ಇದು ಶಿಕ್ಷೆಯೇ ಎಂಬುದನ್ನು ಮುಚ್ಚಿಡಲಿಲ್ಲ. ಒಗೆಯಲು ಒಂದು, ತೊಡಲು ಒಂದು ಎಂದು ಎರಡು ಜೊತೆ ಮಾಡಿಸಲು ಹೇಳಿದೆವು. ನಂಜಿನ ವಿಷಯದಲ್ಲಿ ಅತ್ತೆಯೊಡನೆ ಒಪ್ಪಂದವಾಯಿತು: ಬದನೆಕಾಯಿ ಅವರಿಗೆ ಬಿಟ್ಟೆ, ದಿನಕ್ಕೆ ಎರಡು ಮೊಟ್ಟೆ, ಬೇಳೆ, ಮೊಳಕೆ ಹೆಸರುಕಾಳು, ಮೊಸರು ನನ್ನ ಪಾಲಿಗೆ ಬಂದವು.

ಗಂಡನ ಮಾತು ಚಿಕ್ಕದು. ತಗುಲಿ ನೋವಾದೀತೆಂದು ಅವರು ಜಗಲಿಯಲ್ಲಿ ಮಲಗುತ್ತಿದ್ದರು. ಸ ಅದನ್ನು ತನ್ನ ಬಗೆಗಿನ ಅಸಹ್ಯವೆಂದು ತಿಳಿದಿದ್ದರು. ರಾತ್ರಿಯ ಎಣ್ಣೆ ಹಚ್ಚುವ ಕೆಲಸವನ್ನು ಗಂಡನಿಗೇ ವಹಿಸಿದೆ.

ಒಗ್ಗರಣೆಯ ವಾಸನೆಗೆ ಮೈ ನಡುಗುವುದು, ಪಾತ್ರೆ ಬೀಳುವ ಕನಸು, ಇವುಗಳಿಗಾಗಿ ಮೊದಲ ವಾರ ಅಡುಗೆಮನೆಯ ಹೊಸ್ತಿಲಲ್ಲಿ ಕೂರುವುದು, ನಂತರ ಆರಿದ ಒಲೆಯ ಪಕ್ಕ ಸೊಪ್ಪು ಬಿಡಿಸುವುದು ಎಂದು ಹಂತ ಹಂತವಾಗಿ ಹೋದೆವು. ನಿದ್ದೆಯಿಲ್ಲದ ರಾತ್ರಿಗಾಗಿ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಬರೆದುಕೊಟ್ಟು, ಮನೋವೈದ್ಯರ ಭೇಟಿಯನ್ನೂ ಏರ್ಪಡಿಸಿದೆ. ಕನ್ನಡಿಯನ್ನು ಎಂದು ಮತ್ತೆ ತೂಗುಹಾಕಬೇಕೆಂಬುದನ್ನು ಸ ಅವರೇ ನಿರ್ಧರಿಸಲೆಂದೆ.

ವ್ಯಾಯಾಮಕ್ಕೆ ಅವರ ಮಗಳೇ ದಾರಿ ಹುಡುಕಿದಳು. ಅಮ್ಮ ಗೋಡೆಗೆ ಅಂಗೈ ಊರಿ ಬೆರಳುಗಳನ್ನು ಮೇಲಕ್ಕೆ ನಡೆಸಿ ತಲುಪಿದ ಜಾಗದಲ್ಲಿ, ಪ್ರತಿ ಭಾನುವಾರ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯುತ್ತಿದ್ದಳು. ಆರನೇ ಭೇಟಿಗೆ ಫೋನಿನಲ್ಲಿ ಆ ಗೋಡೆಯ ಚಿತ್ರ ತಂದಿದ್ದರು: ಒಂಬತ್ತು ಗೆರೆ, ಅವುಗಳಲ್ಲಿ ಎರಡು ಹಿಂದಿನದಕ್ಕಿಂತ ಕೆಳಗೆ. ಆ ವಾರಗಳಲ್ಲಿ ಪಟ್ಟಿ ಕಟ್ಟಿರಲಿಲ್ಲವೆಂದು ಅವರೇ ಒಪ್ಪಿಕೊಂಡರು. ಬಟ್ಟೆ ಒಣಹಾಕುವ ತಂತಿ ಕೈಗೆ ಸಿಗುತ್ತಿದೆ. ಆದರೆ ಮೊಣಕೈ ಪೂರ್ತಿ ನೆಟ್ಟಗಾಗಿಲ್ಲ. ಬಿಗಿದ ಕಲೆಯನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಬೇಕೇ ಎಂಬುದನ್ನು ಪ್ಲಾಸ್ಟಿಕ್ ಸರ್ಜನ್ ಮುಂದಿನ ತಿಂಗಳು ನೋಡಿ ಹೇಳಲಿದ್ದಾರೆ. ಶಾಲೆಯ ಅಡುಗೆಗೆ ಮರಳುವ ಬಗ್ಗೆ ಸ ಇನ್ನೂ ಏನೂ ಹೇಳಿಲ್ಲ, ನಾನೂ ಕೇಳಿಲ್ಲ.