ನೂರಡಿ ತಪ್ಪಿದರೆ ಫೇಲಾ?

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್‌ಗೆ ಕಲಿಯುತ್ತಿದ್ದಾಳೆ. ಸದ್ಯದಲ್ಲೇ ಚೆಕ್‌ರೈಡ್, ಅಂದರೆ ಎಕ್ಸಾಮಿನರ್ ಮುಂದೆ ವಿಮಾನ ಹಾರಿಸಿ ತೋರಿಸುವ ಪರೀಕ್ಷೆ, ಇದೆ. ಎತ್ತರ ನೂರಡಿ ಹೆಚ್ಚುಕಮ್ಮಿ ಆದರೆ ಮುಗಿಯಿತು ಅಂತ ಹೆದರಿ ಕೂತಿದ್ದಾಳೆ. ಪಾಸಾಗಲು ಎಷ್ಟು ಅಂಕ ಬೇಕು?

ಉತ್ತರ: ಅಂಕವೇ ಇಲ್ಲ. 70 ಬೇಕಿರುವುದು ಬರೆಯುವ ಪರೀಕ್ಷೆಗೆ. ಹಾರಾಟದಲ್ಲಿ ಪ್ರತಿಯೊಂದು ಕೆಲಸವೂ ಪಾಸು, ಇಲ್ಲವೇ ಫೇಲು. ಒಂದರಲ್ಲಿ ಚೆನ್ನಾಗಿ ಮಾಡಿ ಇನ್ನೊಂದರ ಕೊರತೆ ತುಂಬಿಕೊಳ್ಳೋಣ ಅನ್ನುವ ಹಾಗಿಲ್ಲ.

ಆದರೆ ಮಗಳ ಹೆದರಿಕೆ ಸ್ವಲ್ಪ ಜಾಸ್ತಿಯೇ ಆಯಿತು. ಸ್ಟೀಪ್ ಟರ್ನ್ ತಗೊಳ್ಳಿ. 45 ಡಿಗ್ರಿ ವಾಲಿಸಿ ಪೂರ್ತಿ ಒಂದು ಸುತ್ತು. ಎತ್ತರ 100 ಅಡಿ, ವೇಗ 10 ನಾಟ್, ವಾಲಿಕೆ 5 ಡಿಗ್ರಿ ಆಚೀಚೆ ಆಗಬಹುದು, ಅಷ್ಟೇ. ನಾನು ಇನ್‌ಸ್ಟ್ರಕ್ಟರ್ ಆಗಿ ಬಲಗಡೆ ಸೀಟಿನಲ್ಲಿ ಕೂತು ಇದನ್ನು ಸಾಕುಸಾಕಾಗುವಷ್ಟು ನೋಡಿದ್ದೇನೆ. ಅರ್ಧ ಸುತ್ತಿನಲ್ಲಿ ಮೂಗು ಮೆಲ್ಲಗೆ ಕೆಳಗಿಳಿಯುತ್ತದೆ, ಎತ್ತರದ ಮೀಟರಿನ ಮುಳ್ಳು 120 ಅಡಿ ಕೆಳಗೆ ತೋರಿಸುತ್ತದೆ. ಒಬ್ಬ ತಕ್ಷಣ ವಾಲಿಕೆ ಚೂರು ಕಮ್ಮಿ ಮಾಡಿ, ಮೂಗೆತ್ತಿ, ಮತ್ತೆ ಎತ್ತರಕ್ಕೆ ಬರುತ್ತಾನೆ. ಇನ್ನೊಬ್ಬ ಹೊರಗೆ ನೋಡುತ್ತಾ ಹಾಗೇ ಇಳಿಯುತ್ತಾನೆ. ಎಕ್ಸಾಮಿನರ್ ಫೇಲ್ ಮಾಡುವುದು ಈ ಎರಡನೆಯವನನ್ನು. ಪದೇ ಪದೇ ಮಿತಿ ದಾಟುವುದು, ದಾಟಿದ ಮೇಲೂ ಸರಿಪಡಿಸದಿರುವುದು, ಇವೇ ಫೇಲಿಗೆ ಕಾರಣ ಅಂತ ನಿಯಮದಲ್ಲೇ ಇದೆ. ತಿರುಗುವ ಮೊದಲು ಸುತ್ತ ಬೇರೆ ವಿಮಾನ ಇದೆಯಾ ಅಂತ ನೋಡದಿದ್ದರೂ ಅಷ್ಟೇ. ಎಕ್ಸಾಮಿನರೇ ಕಂಟ್ರೋಲ್‌ಗೆ ಕೈ ಹಾಕಬೇಕಾಗಿ ಬಂದರಂತೂ ಮಾತೇ ಇಲ್ಲ.

ಶಾರ್ಟ್ ಫೀಲ್ಡ್ ಲ್ಯಾಂಡಿಂಗ್‌ನಲ್ಲಿ, ಅಂದರೆ ಚಿಕ್ಕ ರನ್‌ವೇಯಲ್ಲಿ ಇಳಿಸುವ ಹಾಗೆ ಇಳಿಸುವಾಗ, ಹೇಳಿದ ಗುರುತಿನ ಮೇಲೆ ಅಥವಾ ಅದರಾಚೆ 200 ಅಡಿಯೊಳಗೆ ಚಕ್ರ ತಾಗಬೇಕು. ಗುರುತಿಗಿಂತ ಮುಂಚೆ ತಾಗಿದರೆ ಆಗಲಿಲ್ಲ. ದೂರ ಹೋಗುತ್ತಿದೆ ಅನ್ನಿಸಿದರೆ ಥ್ರಾಟಲ್ ಪೂರ್ತಿ ಕೊಟ್ಟು ಗೋ-ಅರೌಂಡ್ ಮಾಡಲಿ, ಅಂದರೆ ಇಳಿಯದೆ ಮತ್ತೆ ಮೇಲೇರಲಿ. ಸರಿಯಾದ ಕಾರಣಕ್ಕೆ ಮೇಲೇರುವವರನ್ನು ಎಕ್ಸಾಮಿನರ್‌ಗಳು ಮೆಚ್ಚುತ್ತಾರೆ. ಎಳೆದು ತಂದು ಹೇಗೋ ಇಳಿಸುವವರನ್ನು ಕಂಡರೆ ನನಗೇ ಆಗುವುದಿಲ್ಲ!

ಒಂದು ಕೆಲಸದಲ್ಲಿ ಫೇಲಾದರೆ ಎಕ್ಸಾಮಿನರ್ ಅಲ್ಲೇ ಹೇಳುತ್ತಾರೆ. ಅಭ್ಯರ್ಥಿ ಒಪ್ಪಿದರೆ ಉಳಿದದ್ದನ್ನು ಮುಂದುವರಿಸಬಹುದು. ಆಮೇಲೆ ಇನ್‌ಸ್ಟ್ರಕ್ಟರ್ ಹತ್ತಿರ ಮತ್ತೆ ಕಲಿತು, ಅವರ ಸಹಿ ಪಡೆದು, 60 ದಿನದೊಳಗೆ ಹೋದರೆ ಪಾಸಾದದ್ದಕ್ಕೆ ಸಾಮಾನ್ಯವಾಗಿ ಮತ್ತೆ ಪರೀಕ್ಷೆ ಇರುವುದಿಲ್ಲ. ಹವಾಮಾನ ಕೆಟ್ಟು ಅರ್ಧಕ್ಕೇ ನಿಂತರೆ ಅದು ಫೇಲೇ ಅಲ್ಲ.

ಇನ್ನೊಂದು ಮಾತು. ಎಕ್ಸಾಮಿನರ್ ಏನೂ ಮಾತಾಡುತ್ತಿಲ್ಲ, ಕಾಗದದಲ್ಲಿ ಏನೋ ಬರೆಯುತ್ತಿದ್ದಾರೆ ಅಂದ ಕೂಡಲೇ ತಾನು ಫೇಲು ಅಂತ ಮಗಳು ಅಂದುಕೊಳ್ಳಬಾರದು. ಪಾಠ ಹೇಳುವುದು ಅಲ್ಲಿ ಅವರ ಕೆಲಸ ಅಲ್ಲ, ಅದಕ್ಕೇ ಸುಮ್ನಿರುತ್ತಾರೆ. ಆಗಿಹೋದ ಟರ್ನ್ ನೆನೆಯುತ್ತಾ ಕೂತರೆ ಮುಂದಿನದ್ದು ಕೆಡುತ್ತದೆ, ಅಲ್ವಾ? ಹಿಂದಿನ ದಿನವೇ ವಿಮಾನದ ಲಾಗ್‌ಬುಕ್ ತೆರೆದು, ವಾರ್ಷಿಕ ತಪಾಸಣೆಯ ದಿನಾಂಕ ಇನ್ನೂ ಚಾಲ್ತಿಯಲ್ಲಿದೆಯಾ ಅಂತ ನೋಡಿಕೊಳ್ಳಲಿ. ಅದು ಮುಗಿದಿದ್ದರೆ ಆ ವಿಮಾನ ನೆಲ ಬಿಟ್ಟು ಏಳುವ ಹಾಗೇ ಇಲ್ಲ.