ಓದುಗರ ಪ್ರಶ್ನೆ: ಕಳ್ಳನ ಮನೆ ಹುಡುಕಿಕೊಂಡು ಹಾರಿ ಬರುವ ಸುರುಳಿ

ಪ್ರಶ್ನೆ: ಸತ್ಯವೇದದ (ಬೈಬಲಿನ) ಜೆಕರ್ಯ ಪ್ರವಾದಿಯ ಪುಸ್ತಕದಲ್ಲಿ ಒಂದು ಸುರುಳಿ ಆಕಾಶದಲ್ಲಿ ಹಾರುತ್ತದೆ. ಕಳ್ಳನ ಮನೆಗೂ ಸುಳ್ಳು ಆಣೆ ಇಟ್ಟವನ ಮನೆಗೂ ನುಗ್ಗಿ, ತೊಲೆ ಕಲ್ಲು ಸಮೇತ ನಾಶ ಮಾಡುತ್ತದೆ. ಕೊಲೆಗಾರರನ್ನು ಬಿಟ್ಟು ಕಳ್ಳರಿಗೆ ಇಷ್ಟು ದೊಡ್ಡ ಶಿಕ್ಷೆಯಾ? ಪಾಪ, ಮನೆ ಏನು ತಪ್ಪು ಮಾಡಿತ್ತು?
– ಓದುಗರು, ಹಾಸನ

ಉತ್ತರ: ಕಳ್ಳತನ ಬೇರೆ, ಸುಳ್ಳು ಆಣೆ ಬೇರೆ ಅಂತ ಓದಿದರೆ ವಿಚಿತ್ರವಾಗಿಯೇ ಕಾಣುತ್ತದೆ. ಎರಡನ್ನೂ ಜೋಡಿಸಿ ಓದಿ ನೋಡಿ. ಹಳೆಯ ಇಬ್ರಿಯರ (ಯೆಹೂದ್ಯರ ಪೂರ್ವಜರ) ಕಾನೂನಿನಲ್ಲಿ, ನೋಡಿಕೋ ಅಂತ ನೆರೆಯವನ ಹತ್ತಿರ ಬಿಟ್ಟ ಕತ್ತೆಯೋ ಕುರಿಯೋ ಸತ್ತುಹೋಯಿತು ಅಥವಾ ಯಾರೋ ಹೊಡೆದುಕೊಂಡು ಹೋದರು ಅನ್ನಿ. ಕಂಡವರು ಯಾರೂ ಇಲ್ಲ. ಆಗ ನೆರೆಯವನು ದೇವರ ಮೇಲೆ ಆಣೆ ಇಟ್ಟು ‘ನಾನು ಮುಟ್ಟಿಲ್ಲ’ ಅಂದರೆ ಮುಗಿಯಿತು, ಪ್ರಾಣಿಯ ಯಜಮಾನ ಅದನ್ನು ಒಪ್ಪಲೇಬೇಕು. ವಿಮೋಚನಕಾಂಡದ 22ನೇ ಅಧ್ಯಾಯದಲ್ಲಿ ಇದು ಸ್ಪಷ್ಟವಾಗಿದೆ. ಅಂದರೆ ಕದ್ದವನು ಧೈರ್ಯವಾಗಿ ಸುಳ್ಳು ಆಣೆಯನ್ನೂ ಇಟ್ಟುಬಿಟ್ಟರೆ ಊರ ಹಿರಿಯರು ಏನೂ ಮಾಡುವ ಹಾಗಿಲ್ಲ. ಕೇಸು ಅಲ್ಲಿಗೆ ಬಂದ್. ಜೆಕರ್ಯನ ಸುರುಳಿ ಹಾರುವುದು ಸರಿಯಾಗಿ ಅಲ್ಲಿಂದಲೇ. ಕೊಲೆಗಾರನನ್ನು ಹಿಡಿಯಲು ಜನ ಇದ್ದರು, ಇವನನ್ನು ಹಿಡಿಯಲು ಯಾರಿದ್ದರು?

ಆ ಸುರುಳಿಯ ಎರಡು ಬದಿಯಲ್ಲೂ ಬರೆದಿರುವುದು ಶಾಪ. ನಮ್ಮ ಹಳೆಗನ್ನಡ ಶಾಸನಗಳ ಕೊನೆಯಲ್ಲಿ, ಈ ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ ತಟ್ಟಲಿ ಅಂತ ಕೆತ್ತಿರುತ್ತಾರಲ್ಲ, ಆ ಜಾತಿಯದ್ದು. ಶಾಸನ ನಿಂತಲ್ಲೇ ನಿಂತಿರುತ್ತದೆ, ಇದು ಮಾತ್ರ ವಿಳಾಸ ಹುಡುಕಿಕೊಂಡು ಹೋಗುತ್ತದೆ! ಶಾಪಕ್ಕೆ ಆ ಕಾಲದ ಜನ ಎಷ್ಟು ಹೆದರುತ್ತಿದ್ದರು ಅನ್ನುವುದಕ್ಕೆ ನ್ಯಾಯಸ್ಥಾಪಕರ ಪುಸ್ತಕದ 17ನೇ ಅಧ್ಯಾಯ ನೋಡಿ. ಮೀಕ ಅನ್ನುವವನು ಹೆತ್ತ ತಾಯಿಯ 1,100 ಬೆಳ್ಳಿ ನಾಣ್ಯ ಎಗರಿಸಿರುತ್ತಾನೆ. ಕಳ್ಳ ಯಾರು ಅಂತ ಗೊತ್ತಿಲ್ಲದೆ ತಾಯಿ ಶಾಪ ಹಾಕುತ್ತಾಳೆ. ಅದು ಕಿವಿಗೆ ಬಿದ್ದದ್ದೇ ತಡ, ಮಗ ಬಂದು ‘ದುಡ್ಡು ನನ್ನ ಹತ್ರಾನೇ ಇದೆ’ ಅಂತ ಒಪ್ಪಿಸಿಬಿಡುತ್ತಾನೆ. ಅವಳು ಕೂಡಲೇ ಅವನಿಗೆ ಆಶೀರ್ವಾದ ಮಾಡುತ್ತಾಳೆ. (ಆಮೇಲೆ ಅದರಲ್ಲೇ 200 ತೆಗೆದು ವಿಗ್ರಹ ಮಾಡಿಸುತ್ತಾಳೆ. ಅದು ಬೇರೆ ಕತೆ.)

ಇನ್ನು ಸುರುಳಿಯ ಗಾತ್ರ. 20 ಮೊಳ ಉದ್ದ, 10 ಮೊಳ ಅಗಲ, ಅಂದರೆ ಸುಮಾರು 30 ಅಡಿಗೆ 15 ಅಡಿ. ಉದ್ದ ಬಿಡಿ, ಮೃತ ಸಮುದ್ರದ ಹತ್ತಿರದ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿಯೇ 7 ಮೀಟರಿಗಿಂತ ಜಾಸ್ತಿ ಇದೆ. ಆದರೆ ಅದರ ಅಗಲ ಒಂದಡಿಯೂ ಇಲ್ಲ. 15 ಅಡಿ ಅಗಲದ ಸುರುಳಿಯನ್ನು ಕೈಯಲ್ಲಿ ಹಿಡಿದು ಯಾರೂ ಓದಲಾರರು. ಸೊಲೊಮೋನನ ದೇವಾಲಯದ ಮುಂದಿನ ಮಂಟಪದ ಅಳತೆಯೂ 20 ಮೊಳ, 10 ಮೊಳವೇ. ಜೆಕರ್ಯ ಈ ದರ್ಶನ ಕಂಡದ್ದು ಕ್ರಿ.ಪೂ. 519ರಲ್ಲಿ, ಬಾಬಿಲೋನಿನ ಸೆರೆಯಿಂದ ವಾಪಸ್ ಬಂದ ಯೆಹೂದ್ಯರು ಸುಟ್ಟುಹೋದ ಆ ದೇವಾಲಯವನ್ನೇ ಮತ್ತೆ ಕಟ್ಟುತ್ತಿದ್ದಾಗ. 50-60 ವರ್ಷ ಊರಲ್ಲಿ ಇಲ್ಲದವರು ತಿರುಗಿ ಬಂದರೆ ಜಮೀನಿನ ತಗಾದೆ ಇರಲೇಬೇಕು, ‘ಇದು ನಮ್ಮಪ್ಪನ ಹೊಲ’ ಅಂತ ಆಣೆ ಇಡುವವರೂ ಇರಬೇಕು ಅಂತ ನನಗನ್ನಿಸುತ್ತದೆ.

ಮನೆಯ ತಪ್ಪೇನು ಅಂದಿರಿ. ಯಾಜಕಕಾಂಡದಲ್ಲಿ ಗೋಡೆಗೆ ಕುಷ್ಠದಂಥ ಬೂಷ್ಟು ಹಿಡಿದ ಮನೆಯನ್ನು ಏನು ಮಾಡಬೇಕು ಅಂತ ಒಂದು ನಿಯಮ ಇದೆ. ಕೆರೆಸಿ, ಹೊಸ ಕಲ್ಲು ಇಟ್ಟು ನೋಡಬೇಕು. ಆಗಲೂ ಹೋಗದಿದ್ದರೆ ಕಲ್ಲು, ಮರ ಎಲ್ಲ ಕೆಡವಿ ಊರ ಹೊರಗೆ ಹಾಕಬೇಕು. ಜೆಕರ್ಯ ಹೇಳುವುದೂ ಅದೇ ಕಲ್ಲು, ಅದೇ ಮರ. ಸುಳ್ಳಿನಿಂದ ಬಂದದ್ದು ಗೋಡೆಗೇ ಇಳಿದಿರುತ್ತದೆ ಅನ್ನುವ ಲೆಕ್ಕ.

ಪ್ರಶ್ನೆ: ಯೆಹೆಜ್ಕೇಲ ಪ್ರವಾದಿಯ ಪುಸ್ತಕದ 9ನೇ ಅಧ್ಯಾಯ ಓದಿ ನಿದ್ದೆ ಬರಲಿಲ್ಲ. ಮುದುಕರು, ಹೆಂಗಸರು, ಮಕ್ಕಳನ್ನೂ ಬಿಡದೆ ಕೊಲ್ಲಿ ಅನ್ನುತ್ತಾನೆ ದೇವರು. ಇದು ನ್ಯಾಯವಾ?
– ಓದುಗರು, ಮಂಗಳೂರು

ಉತ್ತರ: ಮಕ್ಕಳ ವಿಷಯಕ್ಕೆ ಬಂದರೆ ನನಗೂ ಅದು ನ್ಯಾಯ ಅನ್ನಿಸುವುದಿಲ್ಲ. ಸುಮ್ನೆ ಸಮಾಧಾನಕ್ಕೆ ಏನೋ ಒಂದು ಹೇಳುವುದಿಲ್ಲ. ಯೆಹೆಜ್ಕೇಲನಿಗೂ ಅನ್ನಿಸಿರಲಿಲ್ಲ, ಅವನು ಬೋರಲು ಬಿದ್ದು ‘ಉಳಿದವರನ್ನೆಲ್ಲ ಕೊಂದೇ ಬಿಡುತ್ತೀಯಾ’ ಅಂತ ಕೂಗುತ್ತಾನೆ. ಅದೇ ಪುಸ್ತಕದ 18ನೇ ಅಧ್ಯಾಯ, ತಂದೆಯ ಪಾಪವನ್ನು ಮಗ ಹೊರುವುದಿಲ್ಲ ಅನ್ನುತ್ತದೆ. 21ನೇ ಅಧ್ಯಾಯ, ಒಳ್ಳೆಯವರನ್ನೂ ಕೆಟ್ಟವರನ್ನೂ ಒಟ್ಟಿಗೇ ಕಡಿದುಹಾಕುತ್ತೇನೆ ಅನ್ನುತ್ತದೆ. ಎರಡನ್ನೂ ಪುಸ್ತಕ ಹಾಗೇ ಬಿಟ್ಟಿದೆ, ತೇಪೆ ಹಚ್ಚಿಲ್ಲ.

ಹಿನ್ನೆಲೆ ಇಷ್ಟು. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಸೆರೆಯಾಗಿ ಹೋದವರಲ್ಲಿ ಯೆಹೆಜ್ಕೇಲನೂ ಒಬ್ಬ. ಬಾಬಿಲೋನಿನ ಕೆಬಾರ್ ಕಾಲುವೆಯ ಹತ್ತಿರ ಇದ್ದುಕೊಂಡೇ ದರ್ಶನದಲ್ಲಿ ತನ್ನೂರಿನ ದೇವಾಲಯದೊಳಗೆ ಹೋಗುತ್ತಾನೆ. ಆರು ಜನ ಆಯುಧ ಹಿಡಿದು ಬರುತ್ತಾರೆ. ಅವರ ನಡುವೆ ನಾರುಬಟ್ಟೆ ಉಟ್ಟ ಇನ್ನೊಬ್ಬ, ಸೊಂಟದಲ್ಲಿ ಬರೆಯುವವರ ದೌತಿ. ಅವನ ಕೆಲಸ, ಊರಲ್ಲಿ ನಡೆಯುವ ಅನ್ಯಾಯ ನೋಡಿ ನರಳಿ ಗೋಳಾಡುವವರ ಹಣೆಗೆ ಗುರುತು ಹಾಕುವುದು. ಗಮನಿಸಿ, ಭಕ್ತರಿಗೆ ಅಂದಿಲ್ಲ, ಬಲಿ ಕೊಟ್ಟವರಿಗೆ ಅಂದಿಲ್ಲ. ಕೊಲೆ ಶುರುವಾಗುವುದು ಎಲ್ಲಿಂದ? ‘ನನ್ನ ಆಲಯದಿಂದಲೇ ಆರಂಭಿಸಿ’ ಅಂತ ಅಪ್ಪಣೆ. ಮೊದಲು ಬಿದ್ದವರು ಆಲಯದ ಮುಂದೆ ನಿಂತಿದ್ದ ಹಿರಿಯರು. ಪರದೇಶದ ಶತ್ರುವಿನಿಂದ ಶುರು ಮಾಡಿದ್ದರೆ ಕೇಳುವವರು ಚಪ್ಪಾಳೆ ತಟ್ಟುತ್ತಿದ್ದರು, ಅಲ್ವಾ?

ಯೆಹೂದ್ಯರ ಧರ್ಮಚರ್ಚೆಗಳ ಗ್ರಂಥ ತಾಲ್ಮೂದಿನ ಶಬ್ಬಾತ್ ಭಾಗದಲ್ಲಿ ಇದೇ ಅಧ್ಯಾಯದ ಮೇಲೆ ಒಂದು ವಾದ ಇದೆ, ನನಗೆ ಬಹಳ ಹಿಡಿಸಿದ್ದು. ಒಳ್ಳೆಯವರ ಹಣೆಗೆ ಶಾಯಿಯ ಗುರುತು, ಕೆಟ್ಟವರ ಹಣೆಗೆ ರಕ್ತದ ಗುರುತು ಹಾಕು ಅಂತ ದೇವರು ದೂತನಿಗೆ ಹೇಳುತ್ತಾನೆ. ಆಗ ನ್ಯಾಯವೇ ಎದ್ದು ನಿಂತು ತಕರಾರು ತೆಗೆಯುತ್ತದೆ: ಇವರಿಗೂ ಅವರಿಗೂ ಏನು ವ್ಯತ್ಯಾಸ? ಇವರು ಪೂರ್ತಿ ಒಳ್ಳೆಯವರು, ಅವರು ಪೂರ್ತಿ ಕೆಟ್ಟವರು ಅನ್ನುತ್ತಾನೆ ದೇವರು. ಇವರು ತಡೆಯಬಹುದಿತ್ತು, ತಡೆಯಲಿಲ್ಲ ಅನ್ನುತ್ತದೆ ನ್ಯಾಯ. ತಡೆದಿದ್ದರೂ ಅವರು ಕೇಳುತ್ತಿರಲಿಲ್ಲ, ಅದು ನನಗೆ ಗೊತ್ತು ಅನ್ನುತ್ತಾನೆ ದೇವರು. ಅದಕ್ಕೆ ನ್ಯಾಯದ ಉತ್ತರ: ನಿನಗೆ ಗೊತ್ತಿತ್ತು ಸ್ವಾಮಿ, ಇವರಿಗೆ ಗೊತ್ತಿತ್ತಾ? ದೇವರು ಆ ಮಾತಿಗೆ ಸೋಲುತ್ತಾನೆ.

ಪ್ರಶ್ನೆ: ಒಮ್ಮೆ ತೀರ್ಪು ಆದ ಮೇಲೆ ಬೇಡಿಕೊಂಡರೆ ತಪ್ಪುತ್ತದಾ?
– ಓದುಗರು, ದುಬೈ

ಉತ್ತರ: ಆಮೋಸ ಅನ್ನುವ ಪ್ರವಾದಿಯನ್ನು ಕೇಳಿ. ತೆಕೋವ ಊರಿನ ಕುರಿ ಕಾಯುವವನು, ಅತ್ತಿಹಣ್ಣಿನ ಕೆಲಸವೂ ಮಾಡುತ್ತಿದ್ದ. ಅವನಿಗೆ ಮೊದಲು ಮಿಡತೆ ಕಂಡಿತು, ಆಮೇಲೆ ಬೆಂಕಿ ಕಂಡಿತು. ಎರಡು ಸಲವೂ ‘ಯಾಕೋಬನು ಚಿಕ್ಕವನು, ಹೇಗೆ ತಡೆದುಕೊಂಡಾನು’ ಅಂತ ಬೇಡಿದ (ಯಾಕೋಬ ಅಂದರೆ ಇಲ್ಲಿ ಇಸ್ರಾಯೇಲ್ ಜನ). ಎರಡು ಸಲವೂ ದೇವರು ಮನಸ್ಸು ಬದಲಿಸಿದ. ಮೂರನೇ ಸಲ ಗೋಡೆ ನೇರ ಇದೆಯಾ ಅಂತ ನೋಡುವ ತೂಗುಗುಂಡು, ನಾಲ್ಕನೇ ಸಲ ಹಣ್ಣಿನ ಬುಟ್ಟಿ. ಆಗ ಅವನು ಬೇಡಲೇ ಇಲ್ಲ. ಹಣ್ಣಿನ ಬುಟ್ಟಿ ಆದ ಕೂಡಲೇ ವ್ಯಾಪಾರಿಗಳ ಪಟ್ಟಿ ಬರುತ್ತದೆ: ಧಾನ್ಯ ಅಳೆಯುವ ಏಫಾ ಚಿಕ್ಕದು ಮಾಡಿದರು, ಬೆಳ್ಳಿ ತೂಗುವ ಶೆಕೆಲ್ ಕಲ್ಲು ದೊಡ್ಡದು ಮಾಡಿದರು. ಕೊಡುವಾಗ ಕಮ್ಮಿ, ತಗೊಳ್ಳುವಾಗ ಜಾಸ್ತಿ. ಕಸಗೋಧಿಯನ್ನೂ ಮಾರಿದರು, ಒಂದು ಜೊತೆ ಚಪ್ಪಲಿಯ ಬೆಲೆಗೆ ಬಡವನನ್ನೇ ಕೊಂಡರು. ಇಂಥದ್ದಕ್ಕೆ ಶಿಫಾರಸು ಮಾಡಲು ಅವನಿಗೇ ಮನಸ್ಸು ಬರಲಿಲ್ಲವೇನೋ.

ಜೆಕರ್ಯ, ಯೆಹೆಜ್ಕೇಲ, ಆಮೋಸ ಈ ಮೂವರಲ್ಲಿ ಯಾರನ್ನು ಮೊದಲು ಓದಲಿ ಅಂತಲೂ ಕೇಳಿದ್ದೀರಿ. ಆಮೋಸನ 7 ಮತ್ತು 8ನೇ ಅಧ್ಯಾಯ ಓದಿ, ಆಮೇಲೆ ಜೆಕರ್ಯನ 5ನೆಯದು. ಅದರಲ್ಲಿ 11 ವಚನ ಅಷ್ಟೇ. ಸುರುಳಿ ಹೋದ ಮೇಲೆ ಅದೇ ಏಫಾ ಅಳತೆಬುಟ್ಟಿ ಬರುತ್ತದೆ, ಒಳಗೆ ದುಷ್ಟತನ ಅನ್ನುವ ಹೆಂಗಸು, ಮೇಲೆ ಸೀಸದ ಮುಚ್ಚಳ. ಕೊಕ್ಕರೆಯಂಥ ರೆಕ್ಕೆಯ ಇಬ್ಬರು ಅದನ್ನು ಎತ್ತಿಕೊಂಡು ಬಾಬಿಲೋನಿನ ಕಡೆ ಹಾರುತ್ತಾರೆ. ಯೆಹೆಜ್ಕೇಲನನ್ನು ರಾತ್ರಿ ಹೊತ್ತು ಓದಬೇಡಿ.