ಸಂಪಾದಕರ ಉತ್ತರ: ಅಕಾರ್ಡಿಯನ್‌ನ ಊರು, ಅಟ್ಟದ ಮೇಲಿನ ಪೆಟ್ಟಿಗೆ

ಮಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: “ದೊಡ್ಡಪ್ಪನವರ ಹಳೆಯ ಪಿಯಾನೊ ಅಕಾರ್ಡಿಯನ್ನನ್ನು (ಎದೆಗೆ ತೂಗುಹಾಕಿ, ತಿದಿ ಎಳೆದು ಒತ್ತಿ ನುಡಿಸುವ ವಾದ್ಯ) ಅಟ್ಟದಿಂದ ಇಳಿಸಿದ್ದೇವೆ. ಎಡಗೈಗೆ 120 ಗುಂಡಿಗಳಿವೆ. ಮೇಲೆ ‘ಕ್ಯಾಸ್ಟೆಲ್‌ಫಿದಾರ್ದೊ, ಇಟಲಿ’ ಎಂದಿದೆ. ಯಾವನೋ ಯಾತ್ರಿಕ ಬಿಟ್ಟುಹೋದ ಪೆಟ್ಟಿಗೆಯಿಂದ ಆ ಊರಿನ ಉದ್ಯಮ ಹುಟ್ಟಿತಂತೆ, ಬೀಟಲ್ಸ್ ಬಂದಾಗ ಸತ್ತಿತಂತೆ. ನಿಜವೇ? ಇದನ್ನು ಹಾರ್ಮೋನಿಯಂ ರಿಪೇರಿಯವರ ಕೈಗೆ ಕೊಡಬಹುದೇ?”

ಯಾತ್ರಿಕನ ಕತೆ ಆ ಊರಿನ ಐತಿಹ್ಯ. ಕ್ಯಾಸ್ಟೆಲ್‌ಫಿದಾರ್ದೊ ಇರುವುದು ಇಟಲಿಯ ಪೂರ್ವ ಕರಾವಳಿಯ ಮಾರ್ಕೆ ಪ್ರಾಂತದಲ್ಲಿ, ಅಂಕೋನಾ ಬಂದರಿನ ಸಮೀಪದ ಗುಡ್ಡದ ಮೇಲೆ. ಪಕ್ಕದಲ್ಲೇ ಲೊರೆತೊ ಎಂಬ ದೊಡ್ಡ ಯಾತ್ರಾಸ್ಥಳ. 1863ರಲ್ಲಿ ಲೊರೆತೊದಿಂದ ಮರಳುತ್ತಿದ್ದ ಆಸ್ಟ್ರಿಯಾದವನೊಬ್ಬ ಸೊಪ್ರಾನಿ ಎಂಬ ರೈತರ ಮನೆಯಲ್ಲಿ ರಾತ್ರಿ ತಂಗಿದ್ದ, ಅವನ ಬಳಿಯಿದ್ದ ಪೆಟ್ಟಿಗೆ ಆ ಮನೆಯ ಹುಡುಗ ಪಾವೊಲೊನ ಕೈಗೆ ಬಂತು ಎನ್ನುತ್ತಾರೆ. ವಿಯೆನ್ನಾದ ಸಿರಿಲ್ ಡೆಮಿಯಾನ್ 1829ರಲ್ಲೇ ಅಕಾರ್ಡಿಯನ್‌ಗೆ ಪೇಟೆಂಟ್ ಪಡೆದಿದ್ದರಿಂದ ವಾದ್ಯ ಆಸ್ಟ್ರಿಯಾದ ಕಡೆಯಿಂದ ಬಂತು ಎಂಬ ಮಾತು ನಂಬುವಂಥದ್ದೇ. ಪಾವೊಲೊ ಸೊಪ್ರಾನಿ ತಮ್ಮಂದಿರನ್ನು ಸೇರಿಸಿಕೊಂಡು ಹೊಲದ ಮನೆಯಲ್ಲೇ ಕೆಲಸ ಶುರುಮಾಡಿ, 1872ರಲ್ಲಿ ಕಾರ್ಖಾನೆಯನ್ನು ಊರಿನ ಚೌಕಕ್ಕೆ ತಂದದ್ದಂತೂ ಇತಿಹಾಸ.

ಆದರೆ ಒಬ್ಬ ಯಾತ್ರಿಕನಿಂದ ಉದ್ಯಮ ಹುಟ್ಟುವುದಿಲ್ಲ. ಮಾರ್ಕೆಯ ರೈತರಲ್ಲಿ ಬಹುಪಾಲು ಜನ ಗೇಣಿದಾರರು. ಬೆಳೆಯಲ್ಲಿ ಅರ್ಧದಷ್ಟು ಒಡೆಯನಿಗೆ ಹೋಗುತ್ತಿತ್ತು. ಚಳಿಗಾಲದಲ್ಲಿ ಕೈಗಳು ಖಾಲಿ. ಮನೆಯಲ್ಲೇ ಕುಳಿತು ಮಾಡುವ ಬಿಡಿ ಕೆಲಸಕ್ಕೆ ಇದಕ್ಕಿಂತ ಅನುಕೂಲದ ನೆಲ ಬೇರೆ ಬೇಕಿಲ್ಲ. ಮಾರಾಟಕ್ಕೆ ಲೊರೆತೊದ ಯಾತ್ರಿಕರಿದ್ದರು, ಸುತ್ತಲಿನ ಜಾತ್ರೆಗಳಿದ್ದವು. 1860ರ ಸೆಪ್ಟೆಂಬರ್ 18ರಂದು ಇದೇ ಊರಿನ ಬಯಲಲ್ಲಿ ಪೋಪನ ಸೈನ್ಯ ಸೋತಿತು, ಮಾರ್ಕೆ ಇಟಲಿಯ ರಾಜ್ಯಕ್ಕೆ ಸೇರಿತು, ಮಾರುಕಟ್ಟೆ ಹಿಗ್ಗಿತು. ಮುಂದೆ ಅಮೆರಿಕಕ್ಕೆ ವಲಸೆ ಹೋದ ಇಟಾಲಿಯನ್ನರೇ ಗಿರಾಕಿಗಳೂ ಆದರು, ಪ್ರಚಾರಕರೂ ಆದರು. ಅಂದಹಾಗೆ, ನಿಮ್ಮ ಎಡಗೈ ಗುಂಡಿಗಳ ಜೋಡಣೆಗೆ ಹೆಸರು ಕೊಟ್ಟದ್ದು ಬೇರೆ ಊರು: ಉತ್ತರದ ಸ್ಟ್ರಾಡೆಲ್ಲಾ. ಅಲ್ಲಿ ಮರಿಯಾನೊ ದಲ್ಲಾಪೆ 1876ರಲ್ಲಿ ಕಾರ್ಖಾನೆ ತೆರೆದಿದ್ದರು. 20 ಗುಂಡಿಗಳ ಆರು ಸಾಲು; ಎರಡರಲ್ಲಿ ಬಿಡಿ ಮಂದ್ರ ಸ್ವರಗಳು, ಉಳಿದ ನಾಲ್ಕರಲ್ಲಿ ಒಂದೊಂದು ಗುಂಡಿಗೂ ಸಿದ್ಧ ಸ್ವರಗುಚ್ಛ.

ಊರೆಲ್ಲ ಒಂದೇ ಕಸುಬಿಗೆ ಬಿದ್ದದ್ದು ಏಕೆಂದು ತಿಳಿಯಬೇಕಾದರೆ ಪೆಟ್ಟಿಗೆಯ ಒಳಗಿನದನ್ನು ಎಣಿಸಬೇಕು. ಬಲಗೈಗೆ 41 ಮನೆ (ಬೆರಳಿಂದ ಒತ್ತುವ ಪಟ್ಟಿಗಳು), ನಾಲ್ಕು ಸೆಟ್ ರೀಡು (ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ಲೋಹದ ನಾಲಗೆಗಳು) ಇರುವ ವಾದ್ಯವೆಂದು ಇಟ್ಟುಕೊಳ್ಳಿ. ತಿದಿಯನ್ನು ಎಳೆದಾಗ ಒಂದು, ಒತ್ತಿದಾಗ ಒಂದು ಎಂದು ಪ್ರತಿ ಸ್ವರಕ್ಕೂ ಎರಡು ನಾಲಗೆ ಬೇಕು: 41×4×2, ಅಂದರೆ 328. ಎಡಗೈಗೆ ಗುಂಡಿ ಎಷ್ಟಿದ್ದರೂ ಸ್ವರ 12, ಐದು ಸೆಟ್: 12×5×2, ಇನ್ನೂ 120. ಒಟ್ಟು 448 ಉಕ್ಕಿನ ನಾಲಗೆಗಳು, ಅವನ್ನು ಹೊತ್ತ 224 ತಗಡುಗಳು. ಇವುಗಳ ಜೊತೆ ಮರದ ರೀಡ್ ಕಟ್ಟೆಗಳು, ಬಟ್ಟೆ ಅಂಟಿಸಿದ ರಟ್ಟಿನ ಮಡಿಕೆಗಳ ತಿದಿ, ಅದರ ಮೂಲೆಗಳಿಗೆ ತೆಳು ಚರ್ಮ, ಹೊರಗೆ ಲೋಹದ ಕಟ್ಟು, ಗುಂಡಿಗಳ ಹಿಂದೆ ನೂರಾರು ತಂತಿ-ಸನ್ನೆಗಳು, ಹೊದಿಕೆಗೆ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ ಹಾಳೆ. ಬಡಗಿ, ಲೋಹಗೆಲಸದವ, ಚರ್ಮ ಕತ್ತರಿಸುವವ, ಶ್ರುತಿ ಹಿಡಿಯುವವ, ಇವರ್‍ಯಾರೂ ಒಬ್ಬರ ಕೆಲಸ ಇನ್ನೊಬ್ಬರು ಮಾಡಲಾರರು. ಹಾಗಾಗಿ ರೀಡಿಗೇ ಒಂದು ಕಾರ್ಖಾನೆ, ತಿದಿಗೇ ಒಂದು ಎಂದು ಕೆಲಸ ಹಂಚಿಹೋಯಿತು. ಹೊಸದಾಗಿ ಕಂಪನಿ ಕಟ್ಟುವವನಿಗೆ ಎಲ್ಲವನ್ನೂ ತಾನೇ ಮಾಡುವ ಹಂಗಿರಲಿಲ್ಲ. ಆದರೆ ಬಿಡಿಭಾಗ ಸಿಗುವ ಊರನ್ನು ಬಿಟ್ಟು ಹೋಗುವಂತೆಯೂ ಇರಲಿಲ್ಲ. ನಮ್ಮ ದೃಷ್ಟಿಯಲ್ಲಿ ಉದ್ಯಮವನ್ನು ಅಲ್ಲಿ ಕಟ್ಟಿಹಾಕಿದ್ದು ಈ ಹಂಚಿಕೆಯೇ.

ವಾದ್ಯದ ಬೆಲೆ ನಿಂತಿರುವುದು ರೀಡಿನ ಮೇಲೆ. ನೀಲಿಗಟ್ಟಿದ ಉಕ್ಕಿನ ಪಟ್ಟಿಯಿಂದ ನಾಲಗೆ ಕತ್ತರಿಸಿ, ಅಲ್ಯೂಮಿನಿಯಂ ಮಿಶ್ರಲೋಹದ ತಗಡಿನ ಸೀಳಿನ ಮೇಲೆ ರಿವೆಟ್ ಹೊಡೆದು ಕೂರಿಸುತ್ತಾರೆ. ನಾಲಗೆ ಸೀಳಿನ ಅಂಚಿಗೆ ತಾಗಬಾರದು, ಸಂದು ಜಾಸ್ತಿಯೂ ಇರಬಾರದು. ಜಾಸ್ತಿಯಾದರೆ ಗಾಳಿ ವ್ಯರ್ಥ, ಮೆಲ್ಲಗೆ ನುಡಿಸಿದಾಗ ಸ್ವರ ಏಳುವುದೇ ಇಲ್ಲ. ತುದಿಯನ್ನು ಕೆರೆದರೆ ಶ್ರುತಿ ಏರುತ್ತದೆ, ರಿವೆಟ್ಟಿನ ಹತ್ತಿರ ಕೆರೆದರೆ ಇಳಿಯುತ್ತದೆ. ಒಂದೇ ಸ್ವರದ ಎರಡು ನಾಲಗೆಗಳನ್ನು ಬೇಕೆಂದೇ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇಟ್ಟಾಗ ಬರುವುದೇ ಅಕಾರ್ಡಿಯನ್‌ನ ಆ ಪರಿಚಿತ ಕಂಪನ.

ಇನ್ನು ಬೀಟಲ್ಸ್ ಮಾತು. ರಫ್ತು ತುತ್ತತುದಿ ಮುಟ್ಟಿದ್ದು 1953ರ ಸುಮಾರಿಗೆ, ವರ್ಷಕ್ಕೆ ಎರಡು ಲಕ್ಷ ವಾದ್ಯಗಳ ಹತ್ತಿರ. ಇಳಿತ ಶುರುವಾಗಿದ್ದು ರಾಕ್ ಅಂಡ್ ರೋಲ್ ಮತ್ತು ಎಲೆಕ್ಟ್ರಿಕ್ ಗಿಟಾರಿನಿಂದ, ಬೀಟಲ್ಸ್‌ಗಿಂತ ಮೊದಲೇ. ಊರಿನ ಉದ್ಯಮಿಗಳೂ ಸುಮ್ಮನೆ ಕೂರಲಿಲ್ಲ. 1959ರಲ್ಲಿ ಒಲಿವಿಯೆರೊ ಪಿಜಿನಿ ‘ಎಕೊ’ ಗಿಟಾರ್ ಕಂಪನಿ ಕಟ್ಟಿದರು. ಅದರ ಮೊದಲ ಎಲೆಕ್ಟ್ರಿಕ್ ಗಿಟಾರುಗಳ ಮಿರುಗುವ ಹೊದಿಕೆ ಅಕಾರ್ಡಿಯನ್‌ನದೇ ಸೆಲ್ಯುಲಾಯ್ಡ್. 1946ರಲ್ಲಿ ಸೆತ್ತಿಮಿಯೊ ಸೊಪ್ರಾನಿ, ಸ್ಕಂದಾಲ್ಲಿ, ಫ್ರೊಂತಾಲಿನಿ ಕಂಪನಿಗಳು ಕೂಡಿ ಆದ ‘ಫರ್ಫೀಸಾ’ 1960ರ ದಶಕದಲ್ಲಿ ಎಲೆಕ್ಟ್ರಾನಿಕ್ ಆರ್ಗನ್ ಮಾಡಿತು. ಪಿಂಕ್ ಫ್ಲಾಯ್ಡ್ ನುಡಿಸಿದ್ದು ಅದನ್ನೇ. ಅಕಾರ್ಡಿಯನ್ನನ್ನು ಕೆಡವಿದ ರಾಕ್ ಸಂಗೀತಕ್ಕೆ ಅದೇ ನೆಲದ ವಾದ್ಯ! ಅಕಾರ್ಡಿಯನ್ ಕೆಲಸವೂ ಪೂರ್ತಿ ನಿಲ್ಲಲಿಲ್ಲ. ಕ್ಯಾಸ್ಟೆಲ್‌ಫಿದಾರ್ದೊದಲ್ಲಿ 1981ರಿಂದ ಅಕಾರ್ಡಿಯನ್ ವಸ್ತುಸಂಗ್ರಹಾಲಯವಿದೆ, ಜೊತೆಗೆ ದುಬಾರಿ ಕಛೇರಿ ವಾದ್ಯಗಳನ್ನು ಮಾಡುವ ಹತ್ತಾರು ಸಣ್ಣ ಕಂಪನಿಗಳೂ ಇವೆ. ಅಗ್ಗದ ಪೆಟ್ಟಿಗೆಗಳು ಈಗ ಹೆಚ್ಚಾಗಿ ಚೀನಾದವು.

ಕೊನೆಗೆ ರಿಪೇರಿ. ಹಾರ್ಮೋನಿಯಂನಲ್ಲಿ ರೀಡು ಹಿತ್ತಾಳೆಯದು, ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ನಿಮ್ಮದರಲ್ಲಿ ಉಕ್ಕಿನದು, ತಗಡನ್ನು ಕಟ್ಟೆಗೆ ಮೇಣದಿಂದ ಕೂರಿಸಿದೆ. ಜೇನುಮೇಣಕ್ಕೆ ಅದರ ತೂಕದ ಹತ್ತರಲ್ಲೊಂದರಿಂದ ಐದರಲ್ಲೊಂದು ಭಾಗ ರಾಳ ಬೆರೆಸುತ್ತಾರೆ. ರಾಳ ಕಡಿಮೆಯಾದರೆ ಸೆಕೆಗೆ ಮೆತ್ತಗಾಗುತ್ತದೆ, ಹೆಚ್ಚಾದರೆ ಬಿರಿಯುತ್ತದೆ. ಕೆಲವು ದಶಕ ಕಳೆದ ಮೇಣ ಹೇಗೂ ಒಣಗಿ ಬಿರಿದಿರುತ್ತದೆ, ತಗಡು ಸಡಿಲವಾಗಿ ಗರಗರ ಎನ್ನುತ್ತದೆ. ಕರಾವಳಿಯ ಉಪ್ಪುಗಾಳಿಗೆ ನಾಲಗೆ ತುಕ್ಕು ಹಿಡಿದಿರಬಹುದು, ಗಾಳಿ ಸೋರದಂತೆ ತಗಡಿನ ಹಿಂಬದಿಗೆ ಅಂಟಿಸಿದ ಚರ್ಮದ ಪಟ್ಟಿಗಳು ಸುರುಟಿರಬಹುದು. ಇವೆಲ್ಲದರಿಂದಲೂ ಶ್ರುತಿ ಕೆಡುತ್ತದೆ. ಆದ್ದರಿಂದ ಮೊದಲು ಮೇಣ, ಚರ್ಮ, ತಿದಿ ಸರಿಯಾಗಬೇಕು. ಅರದ ಕೆಲಸ ಎಲ್ಲಕ್ಕೂ ಕೊನೆಗೆ. ರಿಪೇರಿಯವರು ಪೆಟ್ಟಿಗೆ ಕೈಗೆ ಬಂದ ಕೂಡಲೇ ಅರ ಎತ್ತಿಕೊಂಡರೆ ಪೆಟ್ಟಿಗೆಯನ್ನು ಮನೆಗೆ ವಾಪಸು ತನ್ನಿ. ನಾಲಗೆಯ ಕೆಳಗೆ ತೆಳುವಾದ ಉಕ್ಕಿನ ಪಟ್ಟಿ ಆಧಾರ ಕೊಡದೆ ಕೆರೆದರೆ ಅದು ಬಾಗುತ್ತದೆ. ತುಕ್ಕಿಗೆ ಎಣ್ಣೆ ಹಾಕಲೇಬೇಡಿ: ಧೂಳು ಹಿಡಿಯುತ್ತದೆ, ಶ್ರುತಿ ಇಳಿಯುತ್ತದೆ, ಮೇಣ ಕರಗುತ್ತದೆ.

ತಿದಿ ಬಿಚ್ಚುವಾಗ ಮೊಳೆಗಳಿಗೆ ಕ್ರಮಸಂಖ್ಯೆ ಹಾಕಿಡಿ; ಹಳೆಯ ತೂತಿಗೆ ಅದೇ ಮೊಳೆ ಹೋಗದಿದ್ದರೆ ಗಾಳಿ ಸೋರುತ್ತದೆ. ಹೊದಿಕೆಯನ್ನೂ ಒಮ್ಮೆ ಮೂಸಿ ನೋಡಿ. ಸೆಲ್ಯುಲಾಯ್ಡ್‌ನಿಂದ ಕರ್ಪೂರದ ವಾಸನೆ ಬಂದರೆ ಸಹಜ. ಮೂಗಿಗೆ ಚುಚ್ಚುವ ಹುಳಿ ವಾಸನೆ ಬಂದರೆ ಅದು ಕೊಳೆಯತೊಡಗಿದೆ, ಆ ಆವಿ ರೀಡುಗಳನ್ನೂ ತಿನ್ನುತ್ತದೆ. ಎರಡರಲ್ಲಿ ಯಾವುದಿದ್ದರೂ ಬೆಂಕಿ, ಬಿಸಿಲು, ಬೆಸುಗೆ ಕಡ್ಡಿ ಹತ್ತಿರ ಬೇಡ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ.

— ಸಂ.